ಮೆರವಣಿಗೆಯ ಹಿಂದಿನ ಲಾಯ



ಇತಿಹಾಸದ ಪಾಠಗಳಲ್ಲಿ ನೀವು ಪಟ್ಟಾಭಿಷೇಕಗಳ ಬಗ್ಗೆ, ಯುದ್ಧಗಳ ಬಗ್ಗೆ, ಒಪ್ಪಂದಗಳ ಬಗ್ಗೆ ಓದುತ್ತೀರಿ. ದೊಡ್ಡವರ ಅಂತ್ಯಯಾತ್ರೆಗಳ ಬಗ್ಗೆ ಓದುವುದು ಅಪರೂಪ. ಓದಿದರೂ ಎಷ್ಟು ಜನ ಸೇರಿದ್ದರು, ಯಾವ ಯಾವ ದೇಶದ ಪ್ರತಿನಿಧಿಗಳು ಬಂದಿದ್ದರು ಎಂಬ ವಿವರ ಸಿಗುತ್ತದೆಯೇ ಹೊರತು, ಶವಪೆಟ್ಟಿಗೆಯ ಗಾಡಿಯನ್ನು ಎಳೆದ ಕುದುರೆಗಳ ವಿಚಾರ ಸಿಗುವುದಿಲ್ಲ. ಟೆಲಿವಿಷನ್ನಿನ ಕ್ಯಾಮೆರಾ ಕೂಡ ಕುದುರೆಯ ಬಾಗಿದ ಕತ್ತನ್ನು ಒಂದು ಕ್ಷಣ ತೋರಿಸಿ ಮುಂದೆ ಹೋಗುತ್ತದೆ. ಆ ಕುದುರೆ ಎಲ್ಲಿಂದ ಬಂತು? ಬೆಳಿಗ್ಗೆ ಏನು ತಿಂದಿತ್ತು? ಅದರ ಲಾಯ ಹೇಗಿತ್ತು? ಕೆಲಸ ಮಾಡಲಾರದ ದಿನ ಬಂದಾಗ ಅದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗಳನ್ನು ಕೇಳಿಕೊಂಡು ಹೊರಟರೆ ಒಂದು ಊರಿನ, ಒಂದು ಕಾಲದ ಚರಿತ್ರೆಯೇ ಬೇರೆ ಕಡೆಯಿಂದ ತೆರೆದುಕೊಳ್ಳುತ್ತದೆ. ಇಂದು ನಾವು ನೋಡಹೊರಟಿರುವುದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಶವಯಾತ್ರೆಯ ಕುದುರೆಗಳನ್ನು, ಅವುಗಳ ಲಾಯಗಳನ್ನು. ಕೊನೆಗೆ ನಮ್ಮ ಕಾಲದಲ್ಲೇ, ಅಮೆರಿಕದಲ್ಲಿ, ಇಂಥದೇ ಒಂದು ಲಾಯ ಸುದ್ದಿಯಾದ ಪ್ರಸಂಗವನ್ನೂ ನೋಡೋಣ.

ಊರು ಬೆಳೆಯಿತು, ಸ್ಮಶಾನ ದೂರವಾಯಿತು

ಸತ್ತವರನ್ನು ಹೊತ್ತೊಯ್ಯಲು ಕುದುರೆಯೇ ಏಕೆ ಬೇಕಾಯಿತು? ನಮ್ಮ ಹಳ್ಳಿಗಳಲ್ಲಿ ನಾಲ್ವರು ಹೆಗಲು ಕೊಟ್ಟರೆ ಸಾಕು. ಲಂಡನ್ನಿನಲ್ಲೂ ಬಹುಕಾಲ ಹಾಗೆಯೇ ಇತ್ತು. ಮನೆಯ ಹತ್ತಿರದ ಚರ್ಚು, ಚರ್ಚಿನ ಅಂಗಳದಲ್ಲೇ ಸಮಾಧಿ. ಆದರೆ 1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1851ರ ವೇಳೆಗೆ ಇಪ್ಪತ್ತಮೂರು ಲಕ್ಷವನ್ನು ದಾಟಿತ್ತು. ಬದುಕಿದ್ದವರಿಗೇ ಜಾಗವಿಲ್ಲದ ಊರಿನಲ್ಲಿ ಸತ್ತವರಿಗೆ ಜಾಗ ಎಲ್ಲಿಂದ ಬರಬೇಕು? 1831-32ರಲ್ಲಿ ಬಂದ ಕಾಲರಾ ಪಿಡುಗಿನ ನಂತರ ಚರ್ಚಿನ ಅಂಗಳಗಳ ಬಗ್ಗೆ ಜನರಲ್ಲಿ ಹೆದರಿಕೆಯೂ ಹುಟ್ಟಿತು.

ಹೀಗಾಗಿ ಊರಿನ ಹೊರವಲಯದಲ್ಲಿ ದೊಡ್ಡ ಸ್ಮಶಾನಗಳನ್ನು ತೆರೆಯಲಾಯಿತು. ಕೆನ್ಸಲ್ ಗ್ರೀನ್ 1833ರಲ್ಲಿ, ಹೈಗೇಟ್ 1839ರಲ್ಲಿ ಆರಂಭವಾದವು. 1852ರಲ್ಲಿ ಬಂದ ಕಾನೂನು ನಗರದೊಳಗಿನ ಹಳೆಯ ಸಮಾಧಿಭೂಮಿಗಳನ್ನು ಮುಚ್ಚಲು ಅವಕಾಶ ಮಾಡಿಕೊಟ್ಟಿತು. 1854ರಲ್ಲಿ ಶವಗಳನ್ನು ಊರಾಚೆಯ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಲೆಂದೇ ಒಂದು ವಿಶೇಷ ರೈಲು ಕೂಡ ಹೊರಟಿತು. ಹೆಗಲ ಮೇಲೆ ಹೊತ್ತು ನಡೆಯುವಷ್ಟು ಹತ್ತಿರದಲ್ಲಿ ಸ್ಮಶಾನ ಇಲ್ಲವಾದಾಗ ಗಾಡಿ ಬೇಕಾಯಿತು, ಗಾಡಿಗೆ ಕುದುರೆ ಬೇಕಾಯಿತು.

ಗಾಡಿ ಬಂದ ಮೇಲೆ ಪ್ರತಿಷ್ಠೆಯೂ ಬಂತು. ಎರಡು ಕುದುರೆ ಕಟ್ಟಿದ ಗಾಡಿಗೆ ಒಂದು ಬೆಲೆ, ನಾಲ್ಕು ಕುದುರೆ ಕಟ್ಟಿದ್ದಕ್ಕೆ ಇನ್ನೊಂದು. ಕುದುರೆಯ ನೆತ್ತಿಯ ಮೇಲೆ ಉಷ್ಟ್ರಪಕ್ಷಿಯ ಕಪ್ಪು ಗರಿಗಳ ಗೊಂಡೆ, ಬೆನ್ನಿನ ಮೇಲೆ ಕಪ್ಪು ಮಖಮಲ್ಲಿನ ಹೊದಿಕೆ, ಗಾಡಿಯ ಪಕ್ಕಗಳಿಗೆ ಗಾಜು. ಎಷ್ಟು ಗರಿ, ಎಷ್ಟು ಕುದುರೆ ಎಂಬುದರಿಂದ ಬೀದಿಯ ಜನ ಸತ್ತವರ ಅಂತಸ್ತನ್ನು ಅಳೆಯುತ್ತಿದ್ದರು. ಬಡವರು ಕೂಡ ವಾರ ವಾರ ಪುಡಿಗಾಸು ಕೂಡಿಸಿ ಶವಸಂಸ್ಕಾರದ ಸಂಘಗಳಿಗೆ ಕಟ್ಟುತ್ತಿದ್ದರು. ಬದುಕಿದ್ದಾಗ ಕುದುರೆಗಾಡಿ ಹತ್ತದವರಿಗೂ ಕೊನೆಯ ದಿನ ಒಂದು ಗಾಡಿ ಬೇಕೆಂಬ ಆಸೆ ಇತ್ತು.

ಶ್ರೀರಂಗಪಟ್ಟಣವನ್ನು ಕಂಡಿದ್ದ ಡ್ಯೂಕನ ಕೊನೆಯ ರಥ

ಈ ಆಡಂಬರ ಎಲ್ಲಿಯವರೆಗೆ ಹೋಯಿತೆಂಬುದನ್ನು ತಿಳಿಯಲು 1852ರ ನವೆಂಬರ್ 18ರ ದಿನವನ್ನು ನೋಡಬೇಕು. ಅಂದು ಡ್ಯೂಕ್ ಆಫ್ ವೆಲಿಂಗ್ಟನ್ನನ ಅಂತ್ಯಯಾತ್ರೆ. ಈತ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು, ದರಿಯಾ ದೌಲತ್ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್.

ಆತನ ಶವವನ್ನು ಹೊರಲು ಕಂಚಿನ ಒಂದು ಭಾರೀ ರಥವನ್ನೇ ಎರಕ ಹೊಯ್ಯಿಸಿದ್ದರು. ಅದರ ತೂಕ ಹತ್ತು ಟನ್ನಿಗೂ ಹೆಚ್ಚು. ಅದಕ್ಕೆ ಹನ್ನೆರಡು ಬಲಿಷ್ಠ ಕರಿ ಕುದುರೆಗಳನ್ನು ಕಟ್ಟಲಾಯಿತು. ಮಳೆಯಿಂದ ನೆನೆದಿದ್ದ ಮಾಲ್ ಎಂಬ ರಾಜಬೀದಿಯಲ್ಲಿ ರಥದ ಚಕ್ರಗಳು ಹೂತುಹೋದವು. ಹನ್ನೆರಡು ಕುದುರೆಗಳು ಜಗ್ಗಿದರೂ ರಥ ಏಳಲಿಲ್ಲ. ಕೊನೆಗೆ ಜನರ ಕೈಬಲವೂ ಸೇರಿದ ಮೇಲೆ ಅದು ಕದಲಿತು. ಲಕ್ಷಾಂತರ ಜನ ನೋಡುತ್ತಿದ್ದ ಈ ಮೆರವಣಿಗೆಯ ಬಗ್ಗೆ ಮೆಚ್ಚುಗೆಯಷ್ಟೇ ಟೀಕೆಯೂ ಬಂತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅದೇ ತಿಂಗಳು ತನ್ನ ಪತ್ರಿಕೆಯಲ್ಲಿ ಸಾವಿನ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಕಟುವಾಗಿ ಖಂಡಿಸಿದ.

ಇದರಲ್ಲಿ ಒಂದು ವಿಪರ್ಯಾಸವಿದೆ. ಎಳೆಯುವ ಪ್ರಾಣಿಯ ಬೆಲೆಯನ್ನು ವೆಲಿಂಗ್ಟನ್ನನಷ್ಟು ಚೆನ್ನಾಗಿ ಬಲ್ಲ ಸೇನಾನಿಗಳು ಕಡಿಮೆ. ಮೈಸೂರಿನ ಅಮೃತಮಹಲ್ ಎತ್ತುಗಳನ್ನು ಆತ ಇಲ್ಲಿದ್ದಾಗ ಕಣ್ಣಾರೆ ಕಂಡಿದ್ದ. ಒಡೆಯರ ಕಾಲದಲ್ಲಿ ಆರಂಭವಾಗಿ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬೆಳೆದ ಈ ತಳಿಗೆಂದೇ ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ಮೀಸಲಾಗಿದ್ದವು. ಕಾಯಲು ಜನ, ಲೆಕ್ಕ ಇಡಲು ಇಲಾಖೆ ಇದ್ದವು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗ ವೆಲ್ಲೆಸ್ಲಿಯ ಸೈನ್ಯ ಉದ್ದುದ್ದ ಹಾದಿಯನ್ನು ವೇಗವಾಗಿ ಕ್ರಮಿಸಿದ್ದು ಇಂಥ ಎತ್ತುಗಳ ಬಲದಿಂದ. ಮುಂದೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಯುದ್ಧ ಮಾಡುವಾಗ ಮೈಸೂರಿನ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಆತ ಪೇಚಾಡುತ್ತಿದ್ದನೆಂದು ಮೈಸೂರಿನ ಗೆಜೆಟಿಯರುಗಳು ದಾಖಲಿಸಿವೆ. ಅಂಥವನ ಶವವನ್ನು ಹೊರಲು ಮಾಡಿದ ರಥದಲ್ಲಿ, ಎಳೆಯುವ ಪ್ರಾಣಿಗೆ ಎಷ್ಟು ಭಾರ ಸಾಧ್ಯ, ನೆಲ ಎಂಥದು ಎಂಬ ಲೆಕ್ಕವನ್ನು ಯಾರೂ ಸರಿಯಾಗಿ ಹಾಕಿರಲಿಲ್ಲ.

ಫ್ಲಾಂಡರ್ಸಿನಿಂದ ಬಂದ ಕರಿ ದಂಡು

ಡ್ಯೂಕನ ರಥ ಒಂದು ದಿನದ ಮಾತು. ಪ್ರತಿದಿನದ ಶವಯಾತ್ರೆಗಳಿಗೆ ಕುದುರೆ ಒದಗಿಸುತ್ತಿದ್ದವರು ಯಾರು? ಇದಕ್ಕೆ ಉತ್ತರ 1893ರಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿದೆ. ಡಬ್ಲ್ಯು. ಜೆ. ಗಾರ್ಡನ್ ಎಂಬ ಬರಹಗಾರ ಲಂಡನ್ನಿನ ಕುದುರೆಗಳ ಲೋಕವನ್ನೇ ಸುತ್ತಿ ಬರೆದ ಪುಸ್ತಕ ಅದು. ಟ್ರ್ಯಾಮ್ ಎಳೆಯುವ ಕುದುರೆ, ಅಂಚೆಯ ಕುದುರೆ, ಕಸದ ಗಾಡಿಯ ಕುದುರೆ ಎಲ್ಲವೂ ಅದರಲ್ಲಿವೆ. ಶವಯಾತ್ರೆಯ ಕುದುರೆಗಳನ್ನು ಆತ 'ಕರಿ ದಂಡು' ಎಂದು ಕರೆದಿದ್ದಾನೆ.

ಗಾರ್ಡನ್ ಹೇಳುವಂತೆ ಆಗ ಲಂಡನ್ನಿನಲ್ಲಿ ಇಂಥ ಕುದುರೆಗಳು ಸುಮಾರು 700 ಇದ್ದವು. ಬೀದಿಯಲ್ಲಿ ಬೋರ್ಡು ಹಾಕಿಕೊಂಡು ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಅನೇಕ ವ್ಯಾಪಾರಿಗಳ ಬಳಿ ಒಂದು ಕುದುರೆಯೂ ಇರಲಿಲ್ಲ. ಗಾಡಿ, ಕುದುರೆಗಳನ್ನು ಬಾಡಿಗೆಗೆ ಕೊಡುವ ದೊಡ್ಡ ಲಾಯಗಳ ಒಡೆಯರು ಬೇರೆ ಇದ್ದರು. ಮೇಲೆ ನೂರು ಅಂಗಡಿ, ಹಿಂದೆ ಕೆಲವೇ ಲಾಯ. ನಮ್ಮಲ್ಲಿ ಮದುವೆಯ ವಾಲಗ, ಶಾಮಿಯಾನ, ಪಾತ್ರೆಗಳನ್ನು ಬೇರೆಡೆಯಿಂದ ತರಿಸಿಕೊಡುವ ಕಂಟ್ರಾಕ್ಟರನನ್ನು ನೆನೆಸಿಕೊಂಡರೆ ಈ ವ್ಯವಹಾರ ನಿಮಗೆ ಅರ್ಥವಾದೀತು.

ಈ ಕುದುರೆಗಳು ಇಂಗ್ಲೆಂಡಿನವಲ್ಲ. ಹಾಲೆಂಡ್ ಮತ್ತು ಬೆಲ್ಜಿಯಂನ ಬಯಲುಗಳಲ್ಲಿ ಹುಟ್ಟಿ, ರಾಟರ್‌ಡ್ಯಾಮಿನಿಂದ ಹಡಗು ಹತ್ತಿ, ಹಾರ್ವಿಚ್ ಬಂದರಿನಲ್ಲಿ ಇಳಿದು ಲಂಡನ್ನಿಗೆ ಬರುತ್ತಿದ್ದವು. ಬರುವಾಗ ಅವಕ್ಕೆ ಮೂರು ವರ್ಷವೂ ತುಂಬಿರುತ್ತಿರಲಿಲ್ಲ. ಇಂಗ್ಲೆಂಡಿಗೆ ಆಮದಾಗುತ್ತಿದ್ದ ಕುದುರೆಗಳಲ್ಲೇ ಇವು ಅತಿ ಎಳೆಯವು. ಸಮುದ್ರಯಾನದ ಸುಸ್ತು, ಹೊಸ ಹವೆಯ ಕಾಯಿಲೆಗಳನ್ನು ದಾಟಿ, ಪಳಗಿ, ಪೂರ್ತಿ ಕೆಲಸಕ್ಕೆ ಸಿದ್ಧವಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಹೆಚ್ಚಿನವು ಬೀಜ ಒಡೆಯದ ಗಂಡು ಕುದುರೆಗಳು. ಬೀಜ ಒಡೆದರೆ ಈ ತಳಿಯ ಕುದುರೆಯ ಕಪ್ಪು ಮಾಸಿ ಕಂದಾಗುತ್ತದೆಂಬುದು ಲಾಯದವರ ಅನುಭವ. ಕುದುರೆ ಕೊಂಡಾಗ ಊರಿನಲ್ಲಿ ಯಾವ ಗಣ್ಯವ್ಯಕ್ತಿಯ ಹೆಸರು ಜನರ ಬಾಯಲ್ಲಿರುತ್ತಿತ್ತೋ ಆ ಹೆಸರನ್ನೇ ಅದಕ್ಕೆ ಇಡುವ ರೂಢಿಯೂ ಇತ್ತು.

ಈಗ ಲೆಕ್ಕವನ್ನು ಗಮನಿಸಿ. ಎಳೆಯ ಕುದುರೆಗಳ ಜೋಡಿಗೆ ನೂರು ಗಿನಿಗಿಂತ ಸ್ವಲ್ಪ ಕಡಿಮೆ ಬೆಲೆ. ಪಳಗಿದ ಮೇಲೆ ಒಂದೊಂದಕ್ಕೂ 65 ಪೌಂಡು. ಮೊದಲ ದರ್ಜೆಯ ಕೆಲಸಕ್ಕೆ ಒಪ್ಪದವನ್ನು ಎರಡನೆಯ ದರ್ಜೆಯವರಿಗೆ ಸುಮಾರು 25 ಗಿನಿಗೆ ಮಾರುತ್ತಿದ್ದರು. ಹರಾಜಿಗೆ ಹೋದರೆ ಸರಾಸರಿ 10 ಪೌಂಡು. ಕೊನೆಯಲ್ಲಿ ಕೆಲಸಕ್ಕೆ ಬಾರದ ಕುದುರೆಯನ್ನು ಕೊಂದು ಚರ್ಮ, ಎಲುಬು, ಮಾಂಸಗಳನ್ನು ಮಾರುವವನ ಕೈಗೆ ಹೋದಾಗ 35 ಷಿಲ್ಲಿಂಗು. ಪೌಂಡಿಗೆ 20 ಷಿಲ್ಲಿಂಗಿನಂತೆ ಲೆಕ್ಕ ಹಾಕಿದರೆ, ಇದು 65 ಪೌಂಡಿನ ಮೂವತ್ತೇಳರಲ್ಲಿ ಒಂದು ಪಾಲು. ಸಾಮಾನ್ಯವಾಗಿ ಆರು ವರ್ಷದ ದುಡಿಮೆಯ ನಂತರ ಈ ಗತಿ ಬರುತ್ತಿತ್ತೆಂದು ಗಾರ್ಡನ್ ಬರೆಯುತ್ತಾನೆ. ಎಂದರೆ ಹತ್ತು ವರ್ಷದ ಆಸುಪಾಸಿನಲ್ಲಿ. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು ವರ್ಷ ಬಾಳಬಲ್ಲದು ಎಂಬುದನ್ನು ಇದರ ಜೊತೆಗೆ ನೆನಪಿಡಿ. ನೂರಾರು ಸಮಾಧಿಗಳಿಗೆ ಜನರನ್ನು ಗೌರವದಿಂದ ತಲುಪಿಸಿದ ಪ್ರಾಣಿಗೆ ಸಮಾಧಿ ಇರಲಿಲ್ಲ.

ಲಾಯದ ದಿನಚರಿ

ಹಾಗಾದರೆ ಆ ಲಾಯದವರು ನಿರ್ದಯಿಗಳೇ? ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ಬಡಕಲು ಕುದುರೆಯನ್ನು ಯಾರೂ ಶವಯಾತ್ರೆಗೆ ಬಾಡಿಗೆಗೆ ಕರೆಯುವುದಿಲ್ಲ. ಮಿರಮಿರ ಮಿಂಚುವ ಮೈ, ತುಂಬಿದ ಕತ್ತು, ಶಾಂತ ನಡಿಗೆ ಇವೇ ಅವರ ಬಂಡವಾಳ. ಆದ್ದರಿಂದ ಕೆಲಸದ ವರ್ಷಗಳಲ್ಲಿ ಕುದುರೆಯನ್ನು ಜೋಪಾನ ಮಾಡುವುದು ಅವರಿಗೆ ಲಾಭವೂ ಆಗಿತ್ತು. ಆ ಜೋಪಾನ ಎಷ್ಟು ಕಷ್ಟದ್ದೆಂಬುದನ್ನು ತಿಳಿಯಲು ಕುದುರೆಯ ದೇಹರಚನೆಯನ್ನು ಸ್ವಲ್ಪ ನೋಡಬೇಕು.

ಐನೂರು ಕಿಲೋ ತೂಗುವ ಕುದುರೆಯ ಜಠರ ಬಹಳ ಚಿಕ್ಕದು. ಅದರಲ್ಲಿ ಹಿಡಿಯುವುದು 8ರಿಂದ 15 ಲೀಟರು, ಹೆಚ್ಚೆಂದರೆ ಒಂದು ದೊಡ್ಡ ಬಿಂದಿಗೆಯಷ್ಟು. ಎತ್ತಿನ ಹಾಗೆ ಒಮ್ಮೆಗೇ ಮೇದು ಆಮೇಲೆ ಮೆಲುಕು ಹಾಕುವ ಏರ್ಪಾಡು ಕುದುರೆಗೆ ಇಲ್ಲ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನುತ್ತಿರಬೇಕು. ತಿಂದದ್ದು ಒಗ್ಗದಿದ್ದರೆ ಕಕ್ಕಿಬಿಡಲೂ ಅದಕ್ಕೆ ಆಗುವುದಿಲ್ಲ. ಆದ್ದರಿಂದ ಮುಗ್ಗಿದ ಹುಲ್ಲು, ಅಕಾಲದ ಊಟ, ಒಮ್ಮೆಗೇ ಸುರಿದ ಧಾನ್ಯ ಇವು ಹೊಟ್ಟೆಶೂಲೆಗೆ ಕಾರಣವಾಗುತ್ತವೆ. ಕುದುರೆಯ ಹೊಟ್ಟೆಶೂಲೆ ಪ್ರಾಣವನ್ನೇ ತೆಗೆಯಬಹುದು. ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು, 25ರಿಂದ 40 ಲೀಟರು ನೀರು ಬೇಕು. ಅದು ಹಾಕುವ ಲದ್ದಿಯೇ ದಿನಕ್ಕೆ ಸುಮಾರು 20 ಕಿಲೋ. ಅದನ್ನು ಆಗಾಗ ಎತ್ತದಿದ್ದರೆ, ಮೂತ್ರದಿಂದ ನೆನೆದ ಹಾಸು ಬದಲಿಸದಿದ್ದರೆ, ಲಾಯದೊಳಗೆ ಅಮೋನಿಯಾ ತುಂಬಿ ಕುದುರೆಯ ಶ್ವಾಸಕೋಶ ಕೆಡುತ್ತದೆ. ನೂರು ಕುದುರೆಗಳ ಲಾಯವೆಂದರೆ ದಿನಕ್ಕೆ ಎರಡು ಟನ್ ಲದ್ದಿ ಎಂದು ನೀವೇ ಲೆಕ್ಕ ಹಾಕಬಹುದು.

ಕಾಲಿನ ವಿಚಾರ ಇನ್ನೊಂದು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಲಾಳ ಹೊಡೆಯಬೇಕು. ಕಲ್ಲುಹಾಸಿನ ಬೀದಿಯಲ್ಲಿ ನಡೆಯುವ ಕುದುರೆಗೆ ಇದರಲ್ಲಿ ಸೋಮಾರಿತನ ಮಾಡಿದರೆ ಕುಂಟು ಖಂಡಿತ. ಕೊರಳಪಟ್ಟಿ ಒಂದು ಬೆರಳಿನಷ್ಟು ಅಳತೆ ತಪ್ಪಿದರೂ ಹೆಗಲು ಹುಣ್ಣಾಗುತ್ತದೆ. ಕಪ್ಪು ಬಣ್ಣವನ್ನು ಕಾಪಾಡುವುದೂ ಸುಲಭವಲ್ಲ. ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಒಡೆಯುತ್ತದೆ. ಬೆವರು ಸೇರಿದರೆ ಇನ್ನೂ ಬೇಗ ಮಾಸುತ್ತದೆ. ಕೆಲಸ ಮುಗಿಸಿ ಬಂದ ಕುದುರೆಯ ಬೆವರು ಒರೆಸಿ, ಮೈ ಉಜ್ಜಿ, ಕಂಬಳಿ ಹೊದಿಸುವ ಆಳು ಇಲ್ಲದಿದ್ದರೆ ಮಿಂಚುವ ಕಪ್ಪು ಕೆಲವೇ ತಿಂಗಳ ಮಾತು.

ಇನ್ನು ಕೆಲಸದ ಸ್ವರೂಪ. ಸಾವು ಹೇಳಿ ಬರುವುದಿಲ್ಲ. ಒಂದು ವಾರ ಬಿಡುವಿಲ್ಲದ ಕೆಲಸ, ಇನ್ನೊಂದು ವಾರ ಬರೀ ನಿಲುಗಡೆ. ಕುದುರೆಗೆ ಇಂಥ ಏರುಪೇರು ಒಳ್ಳೆಯದಲ್ಲ. ಕೆಲಸವಿಲ್ಲದ ದಿನವೂ ಪೂರ್ತಿ ಧಾನ್ಯ ತಿನ್ನಿಸಿ ಮರುದಿನ ಗಾಡಿಗೆ ಕಟ್ಟಿದರೆ ಕೆಲವು ಕುದುರೆಗಳ ಸ್ನಾಯುಗಳು ಸೆಟೆದುಕೊಂಡು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಭಾನುವಾರದ ರಜೆಯ ನಂತರ ಕಾಣಿಸಿಕೊಳ್ಳುತ್ತಿದ್ದ ಕಾರಣ ಇದಕ್ಕೆ 'ಸೋಮವಾರದ ಬೇನೆ' ಎಂಬ ಹೆಸರು ಬಿದ್ದಿತ್ತು. ಸ್ನಾಯುವಿನ ಜೀವಕೋಶಗಳು ಒಡೆಯುವುದೇ ಇದರ ಮೂಲ ಎಂದು ಈಗ ಗೊತ್ತಾಗಿದೆ. ಆಗಿನ ಲಾಯದವರಿಗೆ ಜೀವರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕೆಲಸವಿಲ್ಲದ ದಿನ ಧಾನ್ಯ ಇಳಿಸಬೇಕು, ಕುದುರೆಯನ್ನು ಸ್ವಲ್ಪ ನಡೆಸಿ ತರಬೇಕು ಎಂಬುದನ್ನು ಒಳ್ಳೆಯ ಲಾಯದವರು ಅನುಭವದಿಂದ ಕಲಿತಿದ್ದರು.

ಇಂಥ ಅನುಭವಜ್ಞಾನ ನಮ್ಮಲ್ಲೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರವಿದೆ. ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕನ್ನಡದಲ್ಲೇ ಬರೆದ. ನಮ್ಮ ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಹೆಸರೇ ಅಂಟಿಕೊಂಡಿರುವುದು, ಅದನ್ನು ಬೇಯಿಸಿ ಕುದುರೆಗೆ ಕೊಡುತ್ತಿದ್ದ ಲಾಯಗಳಿಂದಾಗಿ.

ಕತ್ತನ್ನು ಎತ್ತಿ ಕಟ್ಟುವ ಲಗಾಮು

ಲಾಯದಲ್ಲಿ ಎಷ್ಟೇ ಜೋಪಾನವಿದ್ದರೂ ಬೀದಿಗೆ ಬಂದಾಗ ನೋಡುವವರ ಕಣ್ಣಿಗಾಗಿ ಕುದುರೆ ಕಷ್ಟಪಡಬೇಕಾಗಿತ್ತು. ಆಗಿನ ಶ್ರೀಮಂತರ ಸಾರೋಟುಗಳಲ್ಲಿ ಕುದುರೆಯ ತಲೆ ಸದಾ ಎತ್ತರದಲ್ಲಿರಲೆಂದು ಒಂದು ಹೆಚ್ಚುವರಿ ಲಗಾಮನ್ನು ಬಿಗಿದು ಕಟ್ಟುವ ಫ್ಯಾಷನ್ ಇತ್ತು. ನೋಡಲು ಗಂಭೀರ. ಆದರೆ ಭಾರ ಎಳೆಯುವ ಪ್ರಾಣಿ ಏನು ಮಾಡುತ್ತದೆ? ನಮ್ಮ ಎತ್ತುಗಳನ್ನೇ ನೋಡಿ. ತಲೆ ತಗ್ಗಿಸಿ, ಮೈಯ ಭಾರವನ್ನು ಮುಂದಕ್ಕೆ ಹಾಕಿ ನೊಗಕ್ಕೆ ಒತ್ತುತ್ತವೆ. ಕುದುರೆಯೂ ಹಾಗೆಯೇ ಕೊರಳಪಟ್ಟಿಗೆ ಒತ್ತಬೇಕು. ತಲೆಯನ್ನು ಎತ್ತಿ ಕಟ್ಟಿಬಿಟ್ಟರೆ ಅದರ ತೂಕ ಅದಕ್ಕೇ ಉಪಯೋಗಕ್ಕೆ ಬರುವುದಿಲ್ಲ. ಕತ್ತು, ಬೆನ್ನು ನೋಯುತ್ತವೆ, ಉಸಿರಾಟಕ್ಕೂ ತೊಂದರೆ.

ಎಡ್ವರ್ಡ್ ಫೋರ್ಡಮ್ ಫ್ಲವರ್ ಎಂಬಾತ 1875ರಲ್ಲಿ ಇದರ ವಿರುದ್ಧ ಪುಸ್ತಿಕೆ ಬರೆದು ಪ್ರಚಾರ ಮಾಡಿದ. 1877ರಲ್ಲಿ ಆನಾ ಸ್ಯೂಯಲ್ ಎಂಬ ಮಹಿಳೆಯ 'ಬ್ಲ್ಯಾಕ್ ಬ್ಯೂಟಿ' ಕಾದಂಬರಿ ಬಂತು. ಕುದುರೆಯೇ ತನ್ನ ಕಥೆ ಹೇಳಿಕೊಳ್ಳುವ ಈ ಪುಸ್ತಕವನ್ನು ನಿಮ್ಮಲ್ಲಿ ಹಲವರು ಮಕ್ಕಳ ಕಥೆಯೆಂದು ಓದಿರಬಹುದು. ಆಕೆ ಬರೆದದ್ದು ಕುದುರೆಗಳ ನಡುವೆ ಕೆಲಸ ಮಾಡುವವರು ಓದಲೆಂದು. ಬಿಗಿ ಲಗಾಮಿನ ವಿರುದ್ಧ ಜನಾಭಿಪ್ರಾಯ ಮೂಡಿಸಿದವುಗಳಲ್ಲಿ ಆ ಪುಸ್ತಕವೂ ಒಂದು. 1875ರಲ್ಲೇ ಶವಸಂಸ್ಕಾರದ ದುಂದುವೆಚ್ಚವನ್ನು ಕಡಿಮೆ ಮಾಡಬೇಕೆಂಬ ಸುಧಾರಣಾ ಸಂಘವೊಂದೂ ಹುಟ್ಟಿತ್ತು.

ವಿಂಡ್ಸರಿನ ಚಳಿಯಲ್ಲಿ

1901ರ ಫೆಬ್ರವರಿ 2ರಂದು ವಿಕ್ಟೋರಿಯಾ ರಾಣಿಯ ಶವಪೆಟ್ಟಿಗೆ ರೈಲಿನಲ್ಲಿ ವಿಂಡ್ಸರಿಗೆ ಬಂತು. ನಿಲ್ದಾಣದಲ್ಲಿ ಫಿರಂಗಿ ಗಾಡಿಯೊಡನೆ ಸೇನೆಯ ಕುದುರೆಗಳು ಚಳಿಯಲ್ಲಿ ಬಹಳ ಹೊತ್ತು ಕಾದು ನಿಂತಿದ್ದವು. ಪೆಟ್ಟಿಗೆ ಇಟ್ಟು ಗಾಡಿ ಹೊರಡಬೇಕು ಎನ್ನುವಾಗ ಎಳೆಯುವ ಸರಂಜಾಮು ಮುರಿಯಿತು. ಕುದುರೆಗಳು ಬೆದರಿ ಒದ್ದವೆಂದು ಕೆಲವರು ಹೇಳಿದರು. ಕೊಂಡಿಯಲ್ಲಿ ದೋಷವಿತ್ತು, ಕುದುರೆಗಳದ್ದು ತಪ್ಪಿಲ್ಲ ಎಂದು ಸೇನೆಯವರು ವಾದಿಸಿದರು. ಕೊನೆಗೆ ಕುದುರೆಗಳನ್ನು ಬಿಚ್ಚಿ, ಅಲ್ಲಿ ಸಾಲಾಗಿ ನಿಂತಿದ್ದ ನೌಕಾಪಡೆಯ ನಾವಿಕರೇ ಹಗ್ಗ ಹಿಡಿದು ಗಾಡಿ ಎಳೆದರು.

ಅಂದಿನ ಅವಾಂತರ ಮುಂದೆ ಸಂಪ್ರದಾಯವಾಯಿತು. 2022ರ ಸೆಪ್ಟೆಂಬರ್ 19ರಂದು ಎರಡನೆಯ ಎಲಿಜಬೆತ್ ರಾಣಿಯ ಅಂತ್ಯಯಾತ್ರೆಯಲ್ಲಿ ಗಾಡಿ ಎಳೆದವರು 142 ಮಂದಿ ನಾವಿಕರು. ಅದಕ್ಕೆ ಐದು ದಿನ ಮೊದಲು, ಸೆಪ್ಟೆಂಬರ್ 14ರಂದು, ಅರಮನೆಯಿಂದ ವೆಸ್ಟ್‌ಮಿನ್‌ಸ್ಟರಿಗೆ ಪೆಟ್ಟಿಗೆಯನ್ನು ತಂದ ಗಾಡಿಗೆ ಕುದುರೆಗಳಿದ್ದವು. ಎರಡನ್ನೂ ನೀವು ಟಿ.ವಿ.ಯಲ್ಲಿ ನೋಡಿರಬಹುದು. ಬಹುಹೊತ್ತು ಚಳಿಯಲ್ಲಿ ನಿಂತ ಪ್ರಾಣಿಯ ಸ್ನಾಯು ಬಿಗಿಯುತ್ತದೆ, ಮನಸ್ಸು ಚಡಪಡಿಸುತ್ತದೆ ಎಂಬ ಸಣ್ಣ ಸಂಗತಿ ಒಂದು ರಾಜಮನೆತನದ ಪದ್ಧತಿಯ ಹಿನ್ನೆಲೆಯಲ್ಲಿದೆ.

ಕರಿ ದಂಡು ಕರಗಿದ್ದು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಶವವಾಹನಗಳು ಬಂದವು. 1914ರಲ್ಲಿ ಜರ್ಮನಿ ಬೆಲ್ಜಿಯಂ ಅನ್ನು ಆಕ್ರಮಿಸಿತು. ಮಹಾಯುದ್ಧಕ್ಕಾಗಿ ಬ್ರಿಟಿಷ್ ಸೇನೆ ಊರೂರಿನ ಕುದುರೆಗಳನ್ನು ವಶಪಡಿಸಿಕೊಂಡಿತು. ಯುದ್ಧದಲ್ಲಿ ಸತ್ತವರ ಸಂಖ್ಯೆಯ ಮುಂದೆ ಗರಿ, ಮಖಮಲ್ಲುಗಳ ಆಡಂಬರಕ್ಕೆ ಅರ್ಥವೂ ಉಳಿಯಲಿಲ್ಲ.

ಹಾಲೆಂಡಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅಲ್ಲಿನ ಫ್ರೀಷಿಯನ್ ಎಂಬ ಕರಿ ಕುದುರೆ ತಳಿ ಭಾರದ ಕೃಷಿಕೆಲಸಕ್ಕೆ ಬೇರೆ ತಳಿಗಳೊಡನೆ ಸ್ಪರ್ಧಿಸಲಾರದೆ ಕ್ಷೀಣಿಸಿ, 1913ರಲ್ಲಿ ವಂಶಾವಳಿ ಪುಸ್ತಕದಲ್ಲಿ ಮೂರೇ ಬೀಜದ ಕುದುರೆಗಳು ಉಳಿದಿದ್ದವು. ಅಭಿಮಾನಿ ರೈತರು ತಳಿಯನ್ನು ಉಳಿಸಿಕೊಂಡರು. ಇಂದು ಇಂಗ್ಲೆಂಡಿನಲ್ಲಿ ಕುದುರೆಗಾಡಿಯ ಶವಯಾತ್ರೆಗೆ ಮತ್ತೆ ಬೇಡಿಕೆ ಬಂದಿರುವಾಗ ಗಾಡಿ ಎಳೆಯುವವು ಹೆಚ್ಚಾಗಿ ಈ ಫ್ರೀಷಿಯನ್‌ಗಳೇ. ಆದರೆ ಕೆಲವೇ ಕುದುರೆಗಳಿಂದ ಬೆಳೆದ ತಳಿಯಾದ್ದರಿಂದ ಕುಬ್ಜತೆ, ಅನ್ನನಾಳದ ತೊಂದರೆ ಮುಂತಾದ ಆನುವಂಶಿಕ ಕಾಯಿಲೆಗಳು ಇವುಗಳಲ್ಲಿ ಬೇರೆ ತಳಿಗಳಿಗಿಂತ ಹೆಚ್ಚು. ಜೀವಶಾಸ್ತ್ರದ ತರಗತಿಯಲ್ಲಿ ನೀವು ಓದುವ ಒಳಸಂತಾನೋತ್ಪತ್ತಿಗೆ ಇದು ಒಂದು ಒಳ್ಳೆಯ ಉದಾಹರಣೆ.

ಆರ್ಲಿಂಗ್ಟನ್ನಿನ ಪಾಠ

ಈಗ ಅಟ್ಲಾಂಟಿಕ್ ದಾಟೋಣ. ವಾಷಿಂಗ್ಟನ್ನಿನ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನೆಯವರ ಶವಪೆಟ್ಟಿಗೆಯನ್ನು ಆರು ಕುದುರೆಗಳ ಗಾಡಿಯಲ್ಲಿ ಒಯ್ಯುವ ಪದ್ಧತಿ ಇದೆ. ಮೂರು ಜೋಡಿ ಕುದುರೆಗಳು, ಎಡಗಡೆಯವುಗಳ ಮೇಲೆ ಮಾತ್ರ ಸವಾರರು. ಯುದ್ಧಕಾಲದಲ್ಲಿ ಬಲಗಡೆಯ ಕುದುರೆಗಳ ಮೇಲೆ ಸಾಮಾನು ಹೇರುತ್ತಿದ್ದ ನೆನಪು ಅದು. 1963ರ ನವೆಂಬರ್ 25ರಂದು ಅಧ್ಯಕ್ಷ ಕೆನಡಿಯ ಶವವನ್ನು ಆರು ಬೂದು ಕುದುರೆಗಳು ಒಯ್ದಾಗ ಅದನ್ನು ಕೋಟ್ಯಂತರ ಜನ ಟೆಲಿವಿಷನ್ನಿನಲ್ಲಿ ನೋಡಿದರು. ಹಿಂದೆ ರಿಕಾಪಿನಲ್ಲಿ ಬೂಟುಗಳನ್ನು ಹಿಮ್ಮುಖವಾಗಿ ಸಿಕ್ಕಿಸಿದ್ದ, ಸವಾರನಿಲ್ಲದ ಒಂದು ಕರಿ ಕುದುರೆ ಕುಣಿಯುತ್ತ, ಚಡಪಡಿಸುತ್ತ ನಡೆದಿತ್ತು. ಅದರ ಹೆಸರು ಬ್ಲ್ಯಾಕ್ ಜ್ಯಾಕ್. ಸಾವಿರಕ್ಕೂ ಹೆಚ್ಚು ಅಂತ್ಯಯಾತ್ರೆಗಳಲ್ಲಿ ನಡೆದ ಅದನ್ನು 1973ರಲ್ಲಿ ಕೆಲಸದಿಂದ ಬಿಡುಗಡೆ ಮಾಡಿದರು. 1976ರಲ್ಲಿ, 29 ವರ್ಷ ತುಂಬಿದ ಮೇಲೆ ಅದು ಸತ್ತಾಗ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಲಂಡನ್ನಿನ ಹತ್ತು ವರ್ಷಕ್ಕೂ ಈ 29 ವರ್ಷಕ್ಕೂ ಇರುವ ಅಂತರವನ್ನು ಗಮನಿಸಿ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2022ರ ಫೆಬ್ರವರಿಯಲ್ಲಿ ಅದೇ ಸೇನಾಘಟಕದ ಎರಡು ಕುದುರೆಗಳು ನಾಲ್ಕು ದಿನಗಳ ಅಂತರದಲ್ಲಿ ಸತ್ತವು. ವಿಚಾರಣೆ ನಡೆದಾಗ ಒಣಹುಲ್ಲು ಕಳಪೆ, ಮೇಯಲು ಬಿಟ್ಟ ಜಾಗ ಸಾಲದು, ಅಲ್ಲಿ ಹುಲ್ಲಿಗಿಂತ ಮಣ್ಣೇ ಹೆಚ್ಚು ಎಂಬುದು ಬಯಲಾಯಿತು. ಹಸಿದ ಕುದುರೆ ನೆಲವನ್ನೇ ನೆಕ್ಕುತ್ತಾ ಮರಳು, ಜಲ್ಲಿಕಲ್ಲು ನುಂಗಿತ್ತು. ಅದು ಕರುಳಿನಲ್ಲಿ ಕೂಡಿಕೊಂಡಿತ್ತು. ಬೀದಿಗೆ ಬಂದಾಗ ಆ ಕುದುರೆಗಳ ಮೈ ಮಿಂಚುತ್ತಿತ್ತು, ಚರ್ಮದ ಪಟ್ಟಿಗಳು ಹೊಳೆಯುತ್ತಿದ್ದವು. ನೋಡುವವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

2023ರ ಮೇ ತಿಂಗಳಿನಲ್ಲಿ ಸೇನೆ ಕುದುರೆಗಾಡಿಯ ಅಂತ್ಯಯಾತ್ರೆಗಳನ್ನು ನಿಲ್ಲಿಸಿತು. ಇದು ಸುಲಭದ ನಿರ್ಧಾರವಲ್ಲ. ದೇಶಕ್ಕಾಗಿ ದುಡಿದವರ ಮನೆಯವರಿಗೆ ಆ ಗಾಡಿ ಸಲ್ಲಬೇಕಾದ ಕೊನೆಯ ಗೌರವ. ಅದನ್ನು ಬಯಸಿದ್ದ ಕುಟುಂಬಗಳು ಎರಡು ವರ್ಷ ಅದಿಲ್ಲದೆಯೇ ಅಂತ್ಯಕ್ರಿಯೆ ಮಾಡಬೇಕಾಯಿತು, ಇಲ್ಲವೇ ಕಾಯಬೇಕಾಯಿತು. ಸತ್ತವರಿಗೆ ಸಲ್ಲಿಸುವ ಗೌರವ ದೊಡ್ಡದೋ, ಬದುಕಿರುವ ಮೂಕಪ್ರಾಣಿಯ ಆರೈಕೆ ದೊಡ್ಡದೋ ಎಂದು ಯಾರಾದರೂ ಕೇಳಬಹುದು. ನನಗನ್ನಿಸುವಂತೆ ಈ ಎರಡನ್ನೂ ಎದುರುಬದುರು ನಿಲ್ಲಿಸುವುದೇ ಸರಿಯಲ್ಲ. ಹೊಟ್ಟೆಯಲ್ಲಿ ಮರಳು ತುಂಬಿಕೊಂಡ ಕುದುರೆ ಎಳೆಯುವ ಗಾಡಿಯಿಂದ ಯಾವ ಸೈನಿಕನಿಗೂ ಗೌರವ ಸಲ್ಲುವುದಿಲ್ಲ. ಹೊಸ ಕುದುರೆಗಳು, ಪ್ರತಿ ಕುದುರೆಯ ಬೆನ್ನಿಗೆ ಹೊಂದುವ ಜೀನು, ಅನುಭವಿಗಳಿಂದ ತರಬೇತಿ ಎಲ್ಲ ಆದ ಮೇಲೆ, 2025ರ ಜೂನ್ 2ರಿಂದ ಮಿತ ಸಂಖ್ಯೆಯಲ್ಲಿ ಅಲ್ಲಿ ಕುದುರೆಗಾಡಿಯ ಅಂತ್ಯಯಾತ್ರೆಗಳು ಮತ್ತೆ ಆರಂಭವಾದವು.

ವಿದ್ಯಾರ್ಥಿ ಮಿತ್ರರೇ, ಡ್ಯೂಕನ ರಥದಿಂದ ಆರ್ಲಿಂಗ್ಟನ್ನಿನ ಗಾಡಿಯವರೆಗೆ ಸುಮಾರು 170 ವರ್ಷ. ಈ ಅವಧಿಯಲ್ಲಿ ಪಶುವೈದ್ಯ ವಿಜ್ಞಾನ ಎಷ್ಟೋ ಮುಂದುವರಿದಿದೆ. ಆದರೂ ಎರಡು ಕಡೆಯೂ ಎಡವಿದ್ದು ಒಂದೇ ಜಾಗದಲ್ಲಿ. ಮೆರವಣಿಗೆಗೆ ಸಿಕ್ಕಿದ ಗಮನ ಅದನ್ನು ಎಳೆಯುವ ಪ್ರಾಣಿಗೆ ಸಿಗಲಿಲ್ಲ. ಗಾರ್ಡನ್ ತನ್ನ ಪುಸ್ತಕದಲ್ಲಿ ಬೀದಿಯಲ್ಲಿ ನಿಂತು ನೋಡದೆ ಲಾಯದೊಳಗೆ ಹೋಗಿ ಬೆಲೆ, ವಯಸ್ಸು, ಕೊನೆಯ ಗತಿ ಎಲ್ಲವನ್ನೂ ಕೇಳಿ ಬರೆದುಕೊಂಡ. ಅದರಿಂದಲೇ ನಮಗೆ ಇಂದು ಆ 700 ಕುದುರೆಗಳ ಬಾಳು ಇಷ್ಟಾದರೂ ತಿಳಿಯುತ್ತದೆ.

ನೀವೂ ಹಾಗೆ ಮಾಡಬಹುದು. ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಅಶ್ವಾರೋಹಿ ಪೊಲೀಸರ ಸಾಲು ಬರುತ್ತದೆ. ನಿಮ್ಮೂರಿನ ಜಾತ್ರೆ, ಉತ್ಸವಗಳಲ್ಲಿ ಕುದುರೆ, ಎತ್ತು, ಆನೆಗಳು ಇರುತ್ತವೆ. ಮೆರವಣಿಗೆ ಮುಗಿದ ಮೇಲೆ ಅವುಗಳನ್ನು ನೋಡಿಕೊಳ್ಳುವವರನ್ನು ಕಂಡು ನಾಲ್ಕು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಮೇವು? ನೀರು ಎಲ್ಲಿಂದ? ಬಿಡುವು ಎಷ್ಟು? ವಯಸ್ಸಾದ ಮೇಲೆ ಎಲ್ಲಿಗೆ? ಅವರು ಹೇಳಿದ್ದನ್ನು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೂರು ವರ್ಷದ ನಂತರ ನಮ್ಮ ಕಾಲದ ಬಗ್ಗೆ ಬರೆಯುವವರಿಗೆ ಅದು ಆಧಾರವಾದೀತು.